ರೀಲಿನ ಋಣ

2013ರ ಜನವರಿ ಎರಡನೇ ವಾರ. ಇಂಗ್ಲೆಂಡಿನ ಒಂದು ಕ್ಯಾಮೆರಾ ಅಂಗಡಿಯ ಗಾಜಿನ ಮೇಲೆ ಒಂದು ಚೀಟಿ ಕಾಣಿಸಿಕೊಂಡಿತು. ಅಮೆಜಾನ್‌ನಲ್ಲಿ ಶಾಪಿಂಗ್ ಮಾಡಿದ್ದಕ್ಕೆ ಜೆಸಪ್ಸ್ ಸಿಬ್ಬಂದಿಯಿಂದ ನಿಮಗೆ ಧನ್ಯವಾದ ಅಂತ ಅದರಲ್ಲಿ ಬರೆದಿತ್ತು. ಯಾರೋ ಅದರ ಫೋಟೋ ತೆಗೆದರು, ಬಹುಶಃ ಫೋನಿನಲ್ಲೇ. ಆ ಫೋಟೋ ಇಂಟರ್ನೆಟ್ ತುಂಬ ಓಡಾಡಿತು.

ಜನವರಿ 9ರಂದು ಜೆಸಪ್ಸ್ ಕಂಪನಿ ಕೈಚೆಲ್ಲಿತ್ತು. 11ನೇ ತಾರೀಕು ಶುಕ್ರವಾರ ಅದರ 187 ಅಂಗಡಿಗಳೂ ಬಾಗಿಲು ಹಾಕಿದವು. ಸುಮಾರು 1,370 ಜನರ ಕೆಲಸ ಹೋಯಿತು. ಕ್ರಿಸ್‌ಮಸ್‌ಗೆ ಜನ ಒಬ್ಬರಿಗೊಬ್ಬರು ಕೊಟ್ಟುಕೊಂಡಿದ್ದ ಗಿಫ್ಟ್ ವೋಚರ್‌ಗಳನ್ನು ಅಂಗಡಿ ಸ್ವೀಕರಿಸಲಿಲ್ಲ. ಜನ ಓಹೋ ಅಮೆಜಾನ್ ಇನ್ನೊಂದನ್ನು ನುಂಗಿತು ಅಂದರು, ಸುದ್ದಿಯಾಯಿತು, ಮುಗೀತು.

ಆ ಚೀಟಿ ಬರೆದವರ ಸಿಟ್ಟು ನನಗೆ ಅರ್ಥವಾಗುತ್ತೆ. ಆದರೆ ಆ ಚೀಟಿಯಲ್ಲಿ ಹೇಳಿದ ಕಾರಣ ಅರ್ಧ ಮಾತ್ರ ಸರಿ. ಕೆಲಸದ ಮೇಲೆ ನಾನು ಕೆಲವು ವರ್ಷ ಲೆಸ್ಟರ್‌ನಲ್ಲಿದ್ದೆ. ನಮ್ಮವರಿಗೆ ಲೆಸ್ಟರ್ ಅಂದ್ರೆ ಬೆಲ್‌ಗ್ರೇವ್ ರಸ್ತೆಯ ದೀಪಾವಳಿ, ಗುಜರಾತಿಗಳ ಸೀರೆ ಅಂಗಡಿ, ಸಿಹಿ ಅಂಗಡಿ. ಆದರೆ ಬ್ರಿಟನ್ನಿನ ಫೋಟೋ ಹುಚ್ಚಿನವರಿಗೆ ಆ ಊರು ಕ್ಯಾಮೆರಾ ಊರು. ಜೆಸಪ್ಸ್ ಹುಟ್ಟಿದ್ದು ಅಲ್ಲೇ. ಅದರ ಪ್ರತಿಸ್ಪರ್ಧಿ ಜೇಕಬ್ಸ್ ಕೂಡ ಲೆಸ್ಟರಿನದೇ, ಅದು ಒಂದು ವರ್ಷ ಮೊದಲೇ, 2012ರಲ್ಲಿ ಮುಳುಗಿತ್ತು. ಆ ಊರಲ್ಲಿದ್ದಾಗ ಹುಟ್ಟಿದ ಕುತೂಹಲದಿಂದ ಈ ಅಂಗಡಿಗಳ ಲೆಕ್ಕಾಚಾರವನ್ನು ಹಿಂದಕ್ಕೆ ಹಿಂದಕ್ಕೆ ಓದುತ್ತಾ ಹೋದೆ. ಓದಿದಷ್ಟೂ ನನಗೆ ಗಟ್ಟಿಯಾದದ್ದು ಒಂದೇ: ಕ್ಯಾಮೆರಾ ಅಂಗಡಿ ಯಾವತ್ತೂ ಕ್ಯಾಮೆರಾ ಮಾರಿ ಬದುಕಿದ್ದಲ್ಲ. ಅದನ್ನು ಸಾಕಿದ್ದು ರೀಲು.

ಇದನ್ನು ಬಿಡಿಸಿ ಹೇಳೋಕೆ ಸ್ವಲ್ಪ ಹಳೇ ಕಾಲಕ್ಕೆ ಹೋಗಬೇಕು.

*

1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಮೊದಲ ಕೊಡಕ್ ಕ್ಯಾಮೆರಾ ಮಾರುಕಟ್ಟೆಗೆ ಬಿಟ್ಟ. ಬೆಲೆ 25 ಡಾಲರ್. ಒಳಗೆ 100 ಫೋಟೋಗಾಗುವಷ್ಟು ಫಿಲ್ಮ್ ತುಂಬಿಸಿಯೇ ಕೊಡ್ತಿದ್ದರು. ನೂರೂ ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ ಪಾರ್ಸೆಲ್ ಮಾಡಿ ರೋಚೆಸ್ಟರ್‌ನ ಕಾರ್ಖಾನೆಗೆ ಕಳಿಸಬೇಕು. ಅವರು ತೊಳೆದು, ಪ್ರಿಂಟ್ ಹಾಕಿ, ಹೊಸ ಫಿಲ್ಮ್ ತುಂಬಿ ವಾಪಸ್ ಕಳಿಸೋರು. ಅದಕ್ಕೆ 10 ಡಾಲರ್. ಬಟನ್ ಒತ್ತೋದಷ್ಟೇ ನಿಮ್ಮ ಕೆಲಸ, ಉಳಿದದ್ದು ನಮ್ಮದು ಅನ್ನೋದು ಅವರ ಜಾಹೀರಾತಿನ ಮಾತು.

ಆ 25 ಮತ್ತು 10ನ್ನು ಪಕ್ಕಪಕ್ಕ ಇಟ್ಟು ನೋಡಿ. ಕ್ಯಾಮೆರಾ ದುಡ್ಡು ಒಂದೇ ಸಲ ಬರೋದು. ತೊಳೆಯೋ ದುಡ್ಡು ಮತ್ತೆ ಮತ್ತೆ ಬರೋದು. ಮೂರನೇ ಸಲ ತೊಳೆಸೋಕೆ ಕಳಿಸಿದಾಗಲೇ ಗಿರಾಕಿ ಕ್ಯಾಮೆರಾಗಿಂತ ಹೆಚ್ಚು ಕೊಟ್ಟಿರುತ್ತಾನೆ. 1900ರಲ್ಲಿ ಕೊಡಕ್ ಇದನ್ನು ಇನ್ನೂ ಮುಂದಕ್ಕೆ ಒಯ್ದು 'ಬ್ರೌನಿ' ಅನ್ನೋ ರಟ್ಟಿನ ಡಬ್ಬಿ ಕ್ಯಾಮೆರಾವನ್ನು ಒಂದೇ ಡಾಲರ್‌ಗೆ ಮಾರಿತು, ಫಿಲ್ಮಿಗೆ 15 ಸೆಂಟ್. ಮಕ್ಕಳ ಕೈಗೂ ಕ್ಯಾಮೆರಾ ಬಂತು. ಇವತ್ತು ಪ್ರಿಂಟರ್ ಅಗ್ಗ, ಇಂಕ್ ದುಬಾರಿ ಅಂತ ನಾವು ಗೊಣಗುತ್ತೀವಲ್ಲ, ಅದರ ಮುತ್ತಾತ ಇದು.

ಬ್ರಿಟನ್ನಿನಲ್ಲಿ ಈ ರೀಲು ಮೊದಲು ಸಿಗುತ್ತಿದ್ದುದು ಔಷಧಿ ಅಂಗಡಿಯಲ್ಲಿ. ಫೋಟೋ ತೊಳೆಯೋಕೆ ಬೇಕಾದ ರಾಸಾಯನಿಕಗಳನ್ನು ಮಾರುತ್ತಿದ್ದವರು ಅವರೇ ತಾನೆ. ಬೂಟ್ಸ್‌ನಂಥ ಔಷಧಿ ಅಂಗಡಿಗಳಲ್ಲಿ ಕೆಮ್ಮಿನ ಸಿರಪ್ ಪಕ್ಕದಲ್ಲೇ ಫಿಲ್ಮ್ ಇರ್ತಿತ್ತು. ಸಮುದ್ರ ತೀರಕ್ಕೆ ರಜೆಗೆ ಹೋಗಿ ಬಂದವರು ರೀಲು ಕೊಟ್ಟು ಹೋಗೋರು, ಒಂದು ವಾರ ಬಿಟ್ಟು ಲಕೋಟೆ ಇಸಕೊಳ್ಳೋಕೆ ಬರೋರು. ಬರೀ ಫೋಟೋ ಸಾಮಾನಿಗೇ ಮೀಸಲಾದ ಅಂಗಡಿಗಳು ನಿಧಾನವಾಗಿ ಇವುಗಳ ಪಕ್ಕದಲ್ಲಿ ಹುಟ್ಟಿಕೊಂಡವು.

ಇಲ್ಲೊಂದು ವ್ಯತ್ಯಾಸ ಗಮನಿಸಿ. ನಮ್ಮ ಕಡೆ ಜನ ಅಂಗಡಿಗೆ ಹೋಗ್ತಿದ್ದದ್ದು ಹೆಚ್ಚಾಗಿ ಫೋಟೋ ತೆಗೆಸಿಕೊಳ್ಳೋಕೆ. ಬೆಂಗಳೂರಿನ ಜಿ.ಕೆ. ವೇಲ್ ಶುರುವಾದದ್ದು 1910ರಲ್ಲಿ, ಸ್ಟುಡಿಯೋ ಆಗಿ. ನಮ್ಮ ಊರೂರಲ್ಲೂ ಸ್ಟುಡಿಯೋಗಳೇ ಇದ್ದವು. ಹಿಂದೆ ಬಣ್ಣದ ಪರದೆ, ಮುಂದೆ ಒಂದು ಕುರ್ಚಿ, ಮದುವೆ ಆದ ವಾರಕ್ಕೆ ಗಂಡ ಹೆಂಡತಿ ಹೋಗಿ ನಿಲ್ಲೋದು. ಕ್ಯಾಮೆರಾ ನಮಗೆ ಆಮದಿನ ದುಬಾರಿ ವಸ್ತು. ಬ್ರಿಟನ್ನಿನಲ್ಲಿ ಮಧ್ಯಮ ವರ್ಗದ ಮನೆಮನೆಯಲ್ಲೂ ಒಂದು ಡಬ್ಬಿ ಇತ್ತು, ಅಂಗಡಿ ಆ ಡಬ್ಬಿಗೆ ಮೇವು ಹಾಕುತ್ತಿತ್ತು. ಹಾಗಾಗಿ ರೀಲು ಹೋದಾಗ ಬಿದ್ದ ಪೆಟ್ಟು ಕೂಡ ಎರಡು ಕಡೆ ಒಂದೇ ರೀತಿ ಇರಲಿಲ್ಲ. ನಮ್ಮ ಸ್ಟುಡಿಯೋದವರಿಗೆ ಮದುವೆ ಆಲ್ಬಂ ಉಳಿಯಿತು, ಪಾಸ್‌ಪೋರ್ಟ್ ಫೋಟೋ ಉಳಿಯಿತು. ಅಲ್ಲಿನವರಿಗೆ ಕೈಯಲ್ಲಿ ಉಳಿದದ್ದು ಕ್ಯಾಮೆರಾ ಮಾರೋ ಕೆಲಸ ಮಾತ್ರ.

*

ಫ್ರಾಂಕ್ ಜೆಸಪ್ ಲೆಸ್ಟರ್‌ನಲ್ಲಿ ತನ್ನ ಅಂಗಡಿ ತೆರೆದದ್ದು 1935ರಲ್ಲಿ. ಎರಡು ವರ್ಷದ ನಂತರ, 1937ರಲ್ಲಿ, ಸೌತೆಂಡ್ ಅನ್ನೋ ಸಮುದ್ರ ತೀರದ ಊರಲ್ಲಿ ಚಾರ್ಲ್ಸ್ ಕಾಮ್ಸ್ ಒಂದು ಫೋಟೋ ಸ್ಟುಡಿಯೋ ಹಾಕಿದ. ಬೋರ್ಡಿನಲ್ಲಿ ಆರು ಅಕ್ಷರಕ್ಕೆ ಮಾತ್ರ ಜಾಗ ಇತ್ತಂತೆ, ಅದಕ್ಕೆ ಟೆಲಿಫೋನ್ ಡೈರೆಕ್ಟರಿ ತಿರುವಿ 'ಡಿಕ್ಸನ್ಸ್' ಅನ್ನೋ ಹೆಸರು ಆರಿಸಿಕೊಂಡರು ಅಂತ ಕತೆ ಹೇಳ್ತಾರೆ. ಈ ಎರಡು ಅಂಗಡಿಗಳ ಹಾದಿ ಮುಂದೆ ಬೇರೆಯಾಯಿತು. ಅದರಲ್ಲೇ ನಮಗೆ ಬೇಕಾದ ಪಾಠ ಇದೆ.

ಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ವಿದೇಶಿ ಕ್ಯಾಮೆರಾ ತರಿಸೋಕೆ ನಿರ್ಬಂಧ, ಕೊಳ್ಳೋಕೆ ಹೆಚ್ಚಿನ ತೆರಿಗೆ. ಜೊತೆಗೆ ಒಂದು ವಿಚಿತ್ರ ಪದ್ಧತಿ: ಅಂಗಡಿಯವನು ಯಾವ ಬೆಲೆಗೆ ಮಾರಬೇಕು ಅನ್ನೋದನ್ನ ತಯಾರಿಸಿದ ಕಂಪನಿಯೇ ಗೊತ್ತು ಮಾಡಬಹುದಿತ್ತು. ನಮ್ಮ ಎಂಆರ್‌ಪಿ ಇದೆಯಲ್ಲ, ಅದು ಗರಿಷ್ಠ ಬೆಲೆ, ಕಡಿಮೆಗೆ ಮಾರಿದರೆ ಯಾರೂ ಕೇಳಲ್ಲ. ಅಲ್ಲಿ ಕಡಿಮೆಗೆ ಮಾರಿದರೆ ಕಂಪನಿ ಸರಕು ಕೊಡೋದನ್ನೇ ನಿಲ್ಲಿಸಬಹುದಿತ್ತು. ಗಿರಾಕಿಗೆ ಇದು ಅನ್ಯಾಯವೇ. ಆದರೆ ಸಣ್ಣ ಅಂಗಡಿಗೆ ಅದು ಛತ್ರಿ. ಎಲ್ಲ ಕಡೆ ಒಂದೇ ಬೆಲೆ ಅಂದ ಮೇಲೆ ಗಿರಾಕಿಯನ್ನು ಸೆಳೆಯೋಕೆ ಇದ್ದ ದಾರಿ ಒಂದೇ, ಚೆನ್ನಾಗಿ ಮಾತಾಡಿಸೋದು, ಚೆನ್ನಾಗಿ ತಿಳಿಸಿಕೊಡೋದು. ಯಾವ ಲೆನ್ಸ್, ಎಷ್ಟು ಅಪರ್ಚರ್, ಹೋದ ಸಲ ಫೋಟೋ ಯಾಕೆ ಕಪ್ಪಾಯಿತು... ಕೌಂಟರಿನ ಹಿಂದಿದ್ದ ಮನುಷ್ಯ ಅರ್ಧ ಮೇಷ್ಟ್ರು ಆಗಿರಬೇಕಿತ್ತು.

1964ರಲ್ಲಿ ಪಾರ್ಲಿಮೆಂಟು ಹೊಸ ಕಾಯ್ದೆ ತಂದು ಈ ಬೆಲೆ ಕಟ್ಟುಪಾಡನ್ನು ಮುರಿಯಿತು. ಛತ್ರಿ ಹೋಯಿತು. ಅಗ್ಗವಾಗಿ ಮಾರಬಲ್ಲವನದೇ ಕಾಲ ಬಂತು. ಅದನ್ನು ಚೆನ್ನಾಗಿ ಬಳಸಿಕೊಂಡವರಲ್ಲಿ ಜೆಸಪ್ ಕುಟುಂಬವೂ ಒಂದು. ಫ್ರಾಂಕ್‌ನ ಮಗ ಅಲನ್ ಕಾಲದಲ್ಲಿ ವ್ಯಾಪಾರ ಎದ್ದಿತು. ಫೋಟೋ ಪತ್ರಿಕೆಗಳಲ್ಲಿ ಪುಟಗಟ್ಟಲೆ ಸಣ್ಣ ಅಕ್ಷರದ ಬೆಲೆಪಟ್ಟಿ ಹಾಕೋದು, ಅಂಚೆಯಲ್ಲಿ ಸಾಮಾನು ಕಳಿಸೋದು, ಬೇರೆಯವರಿಗಿಂತ ನಾಲ್ಕು ಕಾಸು ಕಡಿಮೆ ಇಡೋದು. 1979ರಲ್ಲಿ ಲೆಸ್ಟರ್‌ನ ಹಿಂಕ್ಲಿ ರಸ್ತೆಯಲ್ಲಿ ಅವರು ತೆರೆದ ಮಳಿಗೆ ಜಗತ್ತಿನ ಅತಿ ದೊಡ್ಡ ಫೋಟೋ ಅಂಗಡಿ ಅಂತ ಗಿನ್ನೆಸ್ ಪುಸ್ತಕ ಸೇರಿತು.

ಅಂದ್ರೆ ನೋಡಿ, ದೂರದ ಊರಿನ ಗೋಡೌನಿನಿಂದ ಅಗ್ಗದ ಬೆಲೆಗೆ ಪಾರ್ಸೆಲ್ ಕಳಿಸಿ ಬೀದಿಬೀದಿಯ ಸಣ್ಣ ಅಂಗಡಿಯವನ ಗಿರಾಕಿ ಕಿತ್ತುಕೊಂಡವರು ಒಂದು ಕಾಲಕ್ಕೆ ಜೆಸಪ್ಸ್‌ನವರೇ. ಅವತ್ತಿನ ಸಣ್ಣ ಅಂಗಡಿಯವರಿಗೆ ಅವರೇ ಅಮೆಜಾನ್. ಇದನ್ನು ಕುಹಕಕ್ಕೆ ಹೇಳ್ತಿಲ್ಲ. ಅಗ್ಗದ ಬೆಲೆಯ ಹೊಡೆತ ಈ ವ್ಯಾಪಾರಕ್ಕೆ ಹೊಸದಲ್ಲ, ಅದನ್ನು ತಡೆದುಕೊಳ್ಳೋ ಶಕ್ತಿ ಅಂಗಡಿಗೆ ಒಂದು ಕಾಲದಲ್ಲಿತ್ತು ಅನ್ನೋದಕ್ಕೆ ಹೇಳಿದೆ. ಆ ಶಕ್ತಿ ಎಲ್ಲಿಂದ ಬರ್ತಿತ್ತು? ರೀಲಿನಿಂದ.

*

ಒಂದು ರೀಲಿನಲ್ಲಿ 36 ಫೋಟೋ. ರೀಲು ಕೊಳ್ಳೋಕೆ ಒಂದು ಸಲ ಅಂಗಡಿಗೆ. ತೊಳೆಯೋಕೆ ಕೊಡೋದಕ್ಕೆ ಇನ್ನೊಂದು ಸಲ. ಇಸಕೊಳ್ಳೋಕೆ ಮತ್ತೊಂದು ಸಲ. ಒಂದೇ ರೀಲಿಗೆ ಮೂರು ಸಲ ನೀವು ಅಂಗಡಿಯ ಬಾಗಿಲು ತಳ್ಳಿ ಒಳಗೆ ಬಂದಿರಿ. ಬಂದಾಗೆಲ್ಲ ಕಣ್ಣೆದುರು ಚೀಲ, ಟ್ರೈಪಾಡ್, ಫಿಲ್ಟರ್, ಆಲ್ಬಂ. ಲಕೋಟೆ ಬಿಚ್ಚಿ ನೋಡಿದರೆ 36ರಲ್ಲಿ ಹತ್ತು ಮಬ್ಬು, ಮೂರರಲ್ಲಿ ಚಿಕ್ಕಪ್ಪನ ತಲೆ ಕತ್ತರಿಸಿಹೋಗಿದೆ, ಒಂದರಲ್ಲಿ ಬರೀ ನಿಮ್ಮ ಬೆರಳು. ಸಾಮಾನ್ಯವಾಗಿ ಎಲ್ಲದಕ್ಕೂ ದುಡ್ಡು ಕೊಟ್ಟಿರ್ತೀರಿ. ಯಾಕೆ ಹೀಗಾಯಿತು ಅಂತ ಕೌಂಟರಿನವನನ್ನೇ ಕೇಳ್ತೀರಿ, ಅವನು ಹೇಳಿಕೊಡ್ತಾನೆ. ಆ ಹೇಳಿಕೊಡೋದಕ್ಕೆ ಬಿಲ್ ಇಲ್ಲ. ಅದರ ಖರ್ಚು ಆ ಹತ್ತು ಮಬ್ಬು ಫೋಟೋದಲ್ಲಿ ಹುಟ್ಟಿಹೋಗಿರುತ್ತೆ.

1970ರ ದಶಕದ ಕೊನೆಯಲ್ಲಿ ಜಪಾನಿನ ನೊರಿಟ್ಸು ಕಂಪನಿ ಅಂಗಡಿಯೊಳಗೇ ಇಡಬಹುದಾದ ಸಣ್ಣ ಲ್ಯಾಬ್ ಯಂತ್ರ ತಂದಿತು. ಅದಕ್ಕೆ ಮುಂಚೆ ರೀಲು ದೂರದ ದೊಡ್ಡ ಲ್ಯಾಬಿಗೆ ಹೋಗಿ ದಿನಗಟ್ಟಲೆ ಆದ ಮೇಲೆ ಬರ್ತಿತ್ತು. ಈಗ ಒಂದೇ ಗಂಟೆ. ಗಿರಾಕಿ ರೀಲು ಕೊಟ್ಟು, ಪೇಟೆಬೀದಿಯಲ್ಲಿ ಒಂದು ಸುತ್ತು ಹಾಕಿ, ಕಾಫಿ ಕುಡಿದು ಬರೋ ಹೊತ್ತಿಗೆ ಫೋಟೋ ರೆಡಿ. 80, 90ರ ದಶಕ ಈ ಅಂಗಡಿಗಳ ಸುಗ್ಗಿ. ಪ್ರತಿ ಊರಿನ ಹೈ ಸ್ಟ್ರೀಟಿನಲ್ಲೂ, ಅಂದ್ರೆ ನಮ್ಮ ಗಾಂಧಿ ಬಜಾರ್, ಮೈಸೂರಿನ ದೇವರಾಜ ಅರಸು ರಸ್ತೆ ಥರದ ಮುಖ್ಯ ಪೇಟೆಬೀದಿಯಲ್ಲೂ, ಒಂದು ಗಂಟೆ ಫೋಟೋ ಅನ್ನೋ ಬೋರ್ಡು.

ಡಿಕ್ಸನ್ಸ್ ಅಷ್ಟೊತ್ತಿಗೆ ಟಿವಿ, ರೇಡಿಯೋ, ಕಂಪ್ಯೂಟರ್ ಅಂತ ಹೊರಳಿಕೊಂಡಿತ್ತು. 1984ರಲ್ಲಿ ಫ್ರಿಜ್ಜು, ವಾಷಿಂಗ್ ಮೆಷಿನ್ ಮಾರೋ ಕರೀಸ್ ಕಂಪನಿಯನ್ನೇ ಕೊಂಡುಕೊಂಡಿತು. ಜೆಸಪ್ಸ್ ಫೋಟೋವನ್ನೇ ನಂಬಿ ನಿಂತಿತು. ಅದು ಅವರ ಹೆಮ್ಮೆ. ಮುಂದೆ ಕೊರಳಿಗೆ ಸುತ್ತಿಕೊಂಡದ್ದೂ ಅದೇ.

*

ಡಿಜಿಟಲ್ ಕ್ಯಾಮೆರಾ ಬಂದ ಕೂಡಲೇ ಅಂಗಡಿಗಳು ಕುಸಿದುಬಿದ್ದವು ಅಂತ ನಾವು ಅಂದುಕೊಳ್ತೀವಿ. ಹಾಗಾಗಲಿಲ್ಲ. ಮೊದಲು ಆದದ್ದು ಅದಕ್ಕೆ ಉಲ್ಟಾ.

ಕೊಡಕ್‌ನ ಎಂಜಿನಿಯರ್ ಸ್ಟೀವ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಜೋಡಿಸಿದ್ದು 1975ರಲ್ಲೇ. ಒಂದು ಫೋಟೋವನ್ನು ಕ್ಯಾಸೆಟ್ಟಿಗೆ ಬರೆಯೋಕೆ ಅದಕ್ಕೆ 23 ಸೆಕೆಂಡ್ ಬೇಕಿತ್ತು. ಅದು ಜನಸಾಮಾನ್ಯರ ಕೈಗೆ ಬರೋಕೆ ಇನ್ನೂ ಇಪ್ಪತ್ತೈದು ವರ್ಷ ಹಿಡಿಯಿತು. 2000ದ ಆಚೀಚೆ ಬಂದಾಗ ಎಲ್ಲರೂ ಒಮ್ಮೆಲೇ ಹೊಸ ಕ್ಯಾಮೆರಾ ಕೊಳ್ಳೋಕೆ ನಿಂತರು. ಮನೆಯಲ್ಲಿದ್ದ ಹಳೇ ಕ್ಯಾಮೆರಾ ಇನ್ನೂ ಚೆನ್ನಾಗೇ ಇದೆ, ಆದರೂ ಹೊಸದು ಬೇಕು. ಎರಡು ವರ್ಷಕ್ಕೆ ಮೆಗಾಪಿಕ್ಸೆಲ್ ಜಾಸ್ತಿ ಆಯಿತು, ಮತ್ತೆ ಹೊಸದು. ಅಂಗಡಿಯಲ್ಲಿ ಕಾಲಿಡೋಕೆ ಜಾಗ ಇಲ್ಲ. ಗಲ್ಲಾಪೆಟ್ಟಿಗೆ ತುಂಬುತ್ತಿತ್ತು.

ಬ್ಯಾಂಕಿನವರು, ಹೂಡಿಕೆದಾರರು ನೋಡಿದ್ದು ಆ ತುಂಬಿದ ಪೆಟ್ಟಿಗೆಯನ್ನ. ಜೆಸಪ್ಸ್ ಅಷ್ಟರಲ್ಲಿ ಕುಟುಂಬದ ಕೈ ತಪ್ಪಿಹೋಗಿತ್ತು. 2002ರಲ್ಲಿ ಎಬಿಎನ್ ಆಮ್ರೋ ಬ್ಯಾಂಕಿನ ಹೂಡಿಕೆ ವಿಭಾಗ ಅದನ್ನು 11.6 ಕೋಟಿ ಪೌಂಡಿಗೆ ಕೊಂಡಿತು. 2004ರಲ್ಲಿ ಕಂಪನಿಯ ಷೇರು ಲಂಡನ್ ಮಾರುಕಟ್ಟೆಗೆ ಬಂತು. ಅಂಗಡಿಗಳ ಸಂಖ್ಯೆ ಸುಮಾರು 300 ಮುಟ್ಟಿತು. ನಮ್ಮಲ್ಲಿ ಸ್ಟಾರ್ಟಪ್‌ನಲ್ಲಿ ಕೆಲಸ ಮಾಡೋರಿಗೆ ಈ ಕತೆಯ ವಾಸನೆ ಬೇಗ ಹತ್ತುತ್ತೆ: ಗ್ರಾಫ್ ಮೇಲೆ ಹೋಗ್ತಿದೆ, ಹಾಗಾದ್ರೆ ಇನ್ನಷ್ಟು ತೆರೆಯಿರಿ.

ಆದರೆ ಆ ಹೊಸ ಕ್ಯಾಮೆರಾದೊಂದಿಗೆ ಮನೆಗೆ ಹೋದ ಗಿರಾಕಿ ವಾಪಸ್ ಬರಲಿಲ್ಲ. ಯಾಕೆ ಬರಬೇಕು? ರೀಲು ಕೊಳ್ಳೋ ಹಾಗಿಲ್ಲ, ತೊಳೆಸೋ ಹಾಗಿಲ್ಲ. ಮಬ್ಬಾದದ್ದನ್ನು ಅಲ್ಲೇ ಅಳಿಸಿಬಿಡ್ತಾನೆ. ಚೆನ್ನಾಗಿ ಬಂದದ್ದು ಕಂಪ್ಯೂಟರಿನಲ್ಲಿ ಉಳಿಯುತ್ತೆ. ಪ್ರಿಂಟ್ ಬೇಕಾದವರು ಮೌಸ್ ಕ್ಲಿಕ್ಕಿಸಿದರೆ ಅಂಚೆಯಲ್ಲಿ ಬರುತ್ತೆ. ಅಂಗಡಿ ಮಾರಿದ ಒಂದೊಂದು ಡಿಜಿಟಲ್ ಕ್ಯಾಮೆರಾವೂ ತನ್ನ ಒಬ್ಬ ಖಾಯಂ ಗಿರಾಕಿಯನ್ನು ಕೈಯಾರೆ ಬೀಳ್ಕೊಟ್ಟಂತೆ.

ಎರಡನೇ ಕಷ್ಟ ಇದಕ್ಕಿಂತ ಒಳಗಿನದು. ಹಳೇ ಫಿಲ್ಮ್ ಕ್ಯಾಮೆರಾ ಪಾತ್ರೆಯ ಹಾಗೆ, ಕಪಾಟಿನಲ್ಲಿ ಎರಡು ವರ್ಷ ಇದ್ದರೂ ಬೆಲೆ ಹೆಚ್ಚೇನೂ ಇಳಿಯಲ್ಲ. ಡಿಜಿಟಲ್ ಕ್ಯಾಮೆರಾ ಸೊಪ್ಪಿನ ಹಾಗೆ. ಆರು ತಿಂಗಳಲ್ಲಿ ಹೊಸ ಮಾಡೆಲ್ ಬಂತು ಅಂದ್ರೆ ಕಪಾಟಿನಲ್ಲಿರೋದು ಬಾಡಿಹೋಯಿತು. ಮುನ್ನೂರು ಅಂಗಡಿಯ ಕಪಾಟು ತುಂಬಿಸೋಕೆ ಸಾಲ ಮಾಡಿ ತಂದ ಸರಕು ಕಣ್ಣೆದುರೇ ಬಾಡುತ್ತೆ. ಒಂದೇ ಗೋಡೌನ್ ಇಟ್ಟುಕೊಂಡ ಆನ್‌ಲೈನ್ ವ್ಯಾಪಾರಿಗೆ ಈ ತಲೆನೋವು ಬಹಳ ಕಡಿಮೆ.

2004ರಿಂದ 2006ರವರೆಗಿನ ಸುದ್ದಿಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಸಾಕು. 2004ರ ಜನವರಿಯಲ್ಲಿ ಅಮೆರಿಕ, ಪಶ್ಚಿಮ ಯುರೋಪಿನಲ್ಲಿ ಫಿಲ್ಮ್ ಕ್ಯಾಮೆರಾ ಮಾರೋದನ್ನ ನಿಲ್ಲಿಸ್ತೀವಿ ಅಂತ ಕೊಡಕ್ ಹೇಳಿತು. ಅದೇ ವರ್ಷ ಬ್ರಿಟನ್ನಿನ ಹಳೇ ಫಿಲ್ಮ್ ಕಂಪನಿ ಇಲ್ಫರ್ಡ್ ದಿವಾಳಿಯ ಅಂಚಿಗೆ ಬಂತು. 2005ರಲ್ಲಿ ಜರ್ಮನಿಯ ಅಗ್ಫಾಫೋಟೋ ಮುಳುಗಿತು. ಆ ವರ್ಷವೇ ಡಿಕ್ಸನ್ಸ್ 35 ಎಂಎಂ ಕ್ಯಾಮೆರಾ ಮಾರಾಟ ಕೈಬಿಟ್ಟಿತು, ಫೋಟೋ ಸ್ಟುಡಿಯೋ ಆಗಿ ಹುಟ್ಟಿದ ಕಂಪನಿ! 2006ರಲ್ಲಿ ಕೊನಿಕಾ ಮಿನೋಲ್ಟಾ ಕ್ಯಾಮೆರಾ ವ್ಯಾಪಾರದಿಂದಲೇ ಎದ್ದು ನಡೆಯಿತು. ಐಫೋನ್ ಇನ್ನೂ ಬಂದಿರಲಿಲ್ಲ.

*

ರೀಲಿನ ಆದಾಯ ನಿಂತರೂ ಬಾಡಿಗೆ ನಿಲ್ಲಲ್ಲ. ಇಂಗ್ಲೆಂಡಿನಲ್ಲಿ ಅಂಗಡಿ ಬಾಡಿಗೆಯನ್ನು ಮೂರು ತಿಂಗಳಿಗೊಮ್ಮೆ, ಮುಂಗಡವಾಗಿ ಕೊಡೋದು ಹಳೇ ರೂಢಿ. ಮಾರ್ಚ್ 25, ಜೂನ್ 24, ಸೆಪ್ಟೆಂಬರ್ 29, ಡಿಸೆಂಬರ್ 25. ಮಧ್ಯಯುಗದಿಂದ ಬಂದ ಹಬ್ಬದ ದಿನಗಳಿವು. ಕ್ರಿಸ್‌ಮಸ್ ದಿನವೇ ಮುಂದಿನ ಮೂರು ತಿಂಗಳ ಬಾಡಿಗೆ ಬಾಕಿ ನಿಲ್ಲುತ್ತೆ. ಕ್ರಿಸ್‌ಮಸ್ ವ್ಯಾಪಾರ ಚೆನ್ನಾಗಿ ಆಗದಿದ್ದರೆ ಜನವರಿಯಲ್ಲಿ ಅಂಗಡಿ ಕುಸಿಯೋದು ಸುಮ್ಮನೆ ಅಲ್ಲ. ಜೆಸಪ್ಸ್ ಮುಚ್ಚಿದ ಮುಂದಿನ ವಾರವೇ ಹಾಡಿನ ಸಿಡಿ ಮಾರೋ ಎಚ್‌ಎಂವಿ, ಸಿನಿಮಾ ಬಾಡಿಗೆಗೆ ಕೊಡೋ ಬ್ಲಾಕ್‌ಬಸ್ಟರ್ ಕೂಡ ಕೈಚೆಲ್ಲಿದವು. ಬಾಡಿಗೆ ಸಾಲದು ಅಂತ ಬಿಸಿನೆಸ್ ರೇಟ್ಸ್ ಅನ್ನೋ ತೆರಿಗೆ ಬೇರೆ. ಅದು ಲಾಭದ ಮೇಲಲ್ಲ, ಕಟ್ಟಡದ ಬಾಡಿಗೆ ಮೌಲ್ಯದ ಮೇಲೆ. ನಷ್ಟದಲ್ಲಿದ್ದರೂ ಕಟ್ಟಬೇಕು.

ಸಣ್ಣಪುಟ್ಟ ಸಾಮಾನಿನಲ್ಲಿ ಲಾಭ ಹುಟ್ಟಿಸೋಣ ಅಂದ್ರೆ ಅಲ್ಲೂ ಒಂದು ಕೊಕ್ಕೆ. ಇಂಗ್ಲಿಷ್ ಕಾಲುವೆಯಲ್ಲಿ ಜೆರ್ಸಿ, ಗರ್ನ್ಸಿ ಅನ್ನೋ ಎರಡು ಪುಟ್ಟ ದ್ವೀಪಗಳಿವೆ. ಅಲ್ಲಿಂದ ಅಂಚೆಯಲ್ಲಿ ಬರೋ, 18 ಪೌಂಡಿನೊಳಗಿನ ವಸ್ತುಗಳಿಗೆ ವ್ಯಾಟ್ ಇರಲಿಲ್ಲ. ಸಿಡಿ, ಡಿವಿಡಿ ಜೊತೆಗೆ ಮೆಮೊರಿ ಕಾರ್ಡೂ ಈ ಹಾದಿಯಲ್ಲಿ ಬರ್ತಿತ್ತು. ಕ್ಯಾಮೆರಾದಲ್ಲಿ ಹುಟ್ಟದ ಲಾಭವನ್ನು ಕಾರ್ಡಿನಲ್ಲಿ ಹುಟ್ಟಿಸಿಕೊಳ್ಳಬೇಕು ಅಂತಿದ್ದ ಅಂಗಡಿಯವನು ವ್ಯಾಟ್ ಸೇರಿಸಿ ಮಾರಬೇಕು, ದ್ವೀಪದವನು ಸೇರಿಸಬೇಕಿಲ್ಲ. 2012ರ ಏಪ್ರಿಲ್‌ನಲ್ಲಿ ಸರ್ಕಾರ ಈ ಕಿಂಡಿ ಮುಚ್ಚಿತು. ಆಗಲೇ ತಡವಾಗಿತ್ತು.

ಇಷ್ಟರ ಮೇಲೆ ಜನ ಅಂಗಡಿಗೆ ಬರೋದನ್ನ ಪೂರ್ತಿ ಬಿಟ್ಟಿರಲಿಲ್ಲ. ಬರ್ತಿದ್ದರು. ಕ್ಯಾಮೆರಾ ಕೈಯಲ್ಲಿ ಹಿಡಿದು ತೂಕ ನೋಡೋರು, ಎರಡು ಲೆನ್ಸ್ ಹಾಕಿಸಿ ನೋಡೋರು, ಅರ್ಧ ಗಂಟೆ ಪ್ರಶ್ನೆ ಕೇಳೋರು. ಥ್ಯಾಂಕ್ಸ್ ಹೇಳಿ ಹೊರಗೆ ಹೋಗಿ ಫೋನಿನಲ್ಲಿ ಬೇರೆ ಕಡೆ ಆರ್ಡರ್ ಮಾಡೋರು. ಲೆಸ್ಟರ್‌ನಲ್ಲಿ ನನ್ನ ಜೊತೆ ಕೆಲಸ ಮಾಡ್ತಿದ್ದ ಎಷ್ಟೋ ಜನ ಇದನ್ನು ಜಾಣತನ ಅಂತ ಊಟದ ಹೊತ್ತಲ್ಲಿ ಹೇಳಿಕೊಳ್ತಿದ್ದರು. ಕೌಂಟರಿನ ಹಿಂದೆ ನಿಂತವರಲ್ಲಿ ಅನೇಕರು ತಾವೇ ಒಳ್ಳೇ ಫೋಟೋಗ್ರಾಫರುಗಳು. ಸಂಬಳ ಕಡಿಮೆ ಇದ್ದರೂ ಕ್ಯಾಮೆರಾ ಮೇಲಿನ ಆಸೆಗೆ ಸೇರಿಕೊಂಡವರು. ಅವರ ಅರ್ಧ ಗಂಟೆಯ ಬೆಲೆಯನ್ನು ಹಿಂದೆ ರೀಲು ಕೊಡ್ತಿತ್ತು. ಈಗ ಕೊಡೋರು ಯಾರೂ ಇಲ್ಲ. ಚೀಟಿ ಬರೆದವರ ಸಿಟ್ಟು ಅರ್ಥವಾಗುತ್ತೆ ಅಂದದ್ದು ಇದಕ್ಕೇ.

ಕೊನೆಯ ಐದಾರು ವರ್ಷದ ಕತೆ ಬೇಗ ಹೇಳಿಬಿಡಬಹುದು. 2007ರಲ್ಲಿ ಜೆಸಪ್ಸ್ 80ಕ್ಕೂ ಹೆಚ್ಚು ಅಂಗಡಿ ಮುಚ್ಚಿತು. 2009ರಲ್ಲಿ ಸಾಲ ಕೊಟ್ಟಿದ್ದ ಎಚ್‌ಎಸ್‌ಬಿಸಿ ಬ್ಯಾಂಕು 3.4 ಕೋಟಿ ಪೌಂಡ್ ಸಾಲ ಬಿಟ್ಟುಕೊಟ್ಟು ಅದರ ಬದಲು ಕಂಪನಿಯ ಹೆಚ್ಚೂಕಡಿಮೆ ಅರ್ಧ ಪಾಲು ತೆಗೆದುಕೊಂಡಿತು. ಷೇರು ಕೊಂಡಿದ್ದ ಜನಸಾಮಾನ್ಯರ ಕೈಗೆ ಬಂದದ್ದು ಚಿಲ್ಲರೆ. ಅಷ್ಟರಲ್ಲಿ ಫೋನಿನ ಕ್ಯಾಮೆರಾ ಚೆನ್ನಾಗಾಗಿತ್ತು. 2010ರಲ್ಲಿ ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ 12 ಕೋಟಿ ಡಿಜಿಟಲ್ ಕ್ಯಾಮೆರಾ ಮಾರುಕಟ್ಟೆಗೆ ಹೋಗಿದ್ದವು. 2023ರಲ್ಲಿ ಆ ಸಂಖ್ಯೆ 77 ಲಕ್ಷ. ಮೊದಲು ರೀಲು ಹೋಗಿತ್ತು, ಈಗ ಕ್ಯಾಮೆರಾವೂ ಹೋಯಿತು. 2012ರ ಜನವರಿಯಲ್ಲಿ ಕೊಡಕ್ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. ಒಂದು ವರ್ಷಕ್ಕೆ ಜೆಸಪ್ಸ್.

ಲೆಸ್ಟರಿಗೆ ಅದು ವಿಚಿತ್ರ ಚಳಿಗಾಲ. 2013ರ ಫೆಬ್ರವರಿ 4ರಂದು, ಆ ಊರಿನ ಒಂದು ಕಾರ್ ಪಾರ್ಕಿಂಗ್ ಅಡಿಯಲ್ಲಿ ಸಿಕ್ಕಿದ್ದ ಅಸ್ಥಿಪಂಜರ 1485ರಲ್ಲಿ ಸತ್ತ ರಾಜ ಮೂರನೇ ರಿಚರ್ಡ್‌ನದೇ ಅಂತ ವಿಜ್ಞಾನಿಗಳು ಘೋಷಿಸಿದರು. ಜಗತ್ತಿನ ಕ್ಯಾಮೆರಾಗಳೆಲ್ಲ ಲೆಸ್ಟರ್ ಕಡೆ ತಿರುಗಿದವು. ಊರಿನ ಕ್ಯಾಮೆರಾ ಅಂಗಡಿ ಮುಚ್ಚಿ ಆಗ ಮೂರು ವಾರವಾಗಿತ್ತು.

*

ಮುಂದೆ ಏನಾಯಿತು? ಟಿವಿಯಲ್ಲಿ ಹೆಸರಾದ ಉದ್ಯಮಿ ಪೀಟರ್ ಜೋನ್ಸ್ ಜೆಸಪ್ಸ್ ಹೆಸರನ್ನು ಕೊಂಡು ಅದೇ ಮಾರ್ಚ್‌ನಲ್ಲಿ ಕೆಲವು ಅಂಗಡಿ ಮತ್ತೆ ತೆರೆದರು. 2019ರಲ್ಲಿ ಮತ್ತೆ ಬಿಕ್ಕಟ್ಟು, 2021ರಲ್ಲಿ ಇನ್ನೊಂದು. ಹೆಸರು ಉಳಿಯಿತು, ಅಂಗಡಿಗಳು ಬೆರಳೆಣಿಕೆಗೆ ಇಳಿದವು.

ಉಳಿದುಕೊಂಡವರು ಯಾರು ಅಂತ ನೋಡಿದರೆ ಲೆಕ್ಕ ಸ್ಪಷ್ಟವಾಗುತ್ತೆ. ಬ್ರಿಟನ್ನಿನಲ್ಲಿ ಟಿಂಪ್ಸನ್ ಅಂತ ಒಂದು ಕಂಪನಿ ಇದೆ, ಚಪ್ಪಲಿ ಹೊಲಿಯೋದು, ಬೀಗದ ಕೈ ಮಾಡಿಕೊಡೋದು ಅದರ ಕಸುಬು. 2008ರಲ್ಲಿ ಮುಳುಗುತ್ತಿದ್ದ ಮ್ಯಾಕ್ಸ್ ಸ್ಪೀಲ್‌ಮನ್ ಫೋಟೋ ಅಂಗಡಿಗಳನ್ನು ಅದು ಕೊಂಡಿತು, 2013ರಲ್ಲಿ ಸ್ನ್ಯಾಪಿ ಸ್ನ್ಯಾಪ್ಸ್ ಅನ್ನೂ ಕೊಂಡಿತು. ಪಾಸ್‌ಪೋರ್ಟ್ ಫೋಟೋ, ಕಪ್ ಮೇಲೆ ಮಗುವಿನ ಫೋಟೋ, ಹಳೇ ಫೋಟೋ ಸ್ಕ್ಯಾನ್. ಅಂದ್ರೆ ಕೈಕೆಲಸ ಮಾಡಿಕೊಟ್ಟು ಕೂಲಿ ತಗೊಳ್ಳೋದು, ಹಿಮ್ಮಡಿ ಹೊಲಿದುಕೊಟ್ಟ ಹಾಗೆ. ಇನ್ನು ಕೆಲವರು ಸೆಕೆಂಡ್ ಹ್ಯಾಂಡ್ ಹಿಡಿದುಕೊಂಡರು. ಹಳೇ ಲೆನ್ಸಿನ ಬೆಲೆ ಗೊತ್ತು ಮಾಡೋಕೆ ತಿಳಿದ ಕೈ ಬೇಕು, ಆ ತಿಳಿವಳಿಕೆಗೆ ಅಲ್ಲಿ ದುಡ್ಡು ಹುಟ್ಟುತ್ತೆ.

ಹಾಗಾದರೆ ಆ ಅರ್ಧ ಗಂಟೆಯ ಸಲಹೆ ಎಲ್ಲಿಗೆ ಹೋಯಿತು? ಇಂಟರ್ನೆಟ್ಟಿಗೆ. 1998ರಲ್ಲಿ ಲಂಡನ್ನಿನ ಫಿಲ್ ಆಸ್ಕಿ ಶುರುಮಾಡಿದ ಡಿಪಿರಿವ್ಯೂ ಅನ್ನೋ ಜಾಲತಾಣ ಕ್ಯಾಮೆರಾಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ ಬರೀತಿತ್ತು. ಕ್ಯಾಮೆರಾ ಕೊಳ್ಳೋ ಮುಂಚೆ ನಮ್ಮಲ್ಲೂ ಎಷ್ಟೋ ಜನ ಅದನ್ನೇ ಓದ್ತಿದ್ದೆವು. 2007ರಲ್ಲಿ ಅದನ್ನು ಅಮೆಜಾನೇ ಕೊಂಡಿತು. 2023ರ ಮಾರ್ಚ್‌ನಲ್ಲಿ ಖರ್ಚು ಕಡಿತದ ಹೊತ್ತಲ್ಲಿ ಅದನ್ನು ಮುಚ್ಚುತ್ತೇವೆ ಅಂತಲೂ ಹೇಳಿತು. ಕೊನೇ ಗಳಿಗೆಯಲ್ಲಿ ಇನ್ನೊಂದು ಕಂಪನಿ ಕೊಂಡು ಉಳಿಸಿಕೊಂಡಿತು. ಯೂಟ್ಯೂಬ್‌ನಲ್ಲಿ ಕ್ಯಾಮೆರಾ ತೋರಿಸೋ ಹುಡುಗರಲ್ಲಿ ಬಹಳ ಜನರಿಗೆ ದುಡ್ಡು ಬರೋದು ವಿಡಿಯೋ ಕೆಳಗಿನ ಲಿಂಕನ್ನು ನೀವು ಒತ್ತಿ ಏನಾದರೂ ಕೊಂಡರೆ ಮಾತ್ರ. ಈಗಿರೋ ಕ್ಯಾಮೆರಾನೇ ಸಾಕು, ಹೊಸದು ಬೇಡ ಅಂತ ಹೇಳಿದರೆ ಅವರ ಜೇಬಿಗೆ ಏನೂ ಬೀಳಲ್ಲ.

ಹಳೇ ಅಂಗಡಿಯವನು ಹಾಗೆ ಹೇಳಬಹುದಿತ್ತು. ನಿಮ್ಮ ಕ್ಯಾಮೆರಾ ಚೆನ್ನಾಗೇ ಇದೆ, ಕೈ ಅಲ್ಲಾಡದ ಹಾಗೆ ಹಿಡೀರಿ ಸಾಕು ಅಂದುಬಿಡಬಹುದಿತ್ತು. ಅವನು ದೊಡ್ಡ ಧರ್ಮಾತ್ಮ ಅಂತಲ್ಲ. ಮುಂದಿನ ವಾರ ನೀವು ರೀಲು ಹಿಡಿದುಕೊಂಡು ಬಂದೇ ಬರ್ತೀರಿ ಅಂತ ಅವನಿಗೆ ಗೊತ್ತಿತ್ತು. ಆ ನಿಜವಾದ ಮಾತಿನ ಖರ್ಚನ್ನು ನೂರು ವರ್ಷ ನಮ್ಮ ಮಬ್ಬು ಫೋಟೋಗಳು ಭರಿಸಿದವು. ಈಗ ಅವನ್ನು ನಾವು ಅಲ್ಲೇ ಡಿಲೀಟ್ ಮಾಡ್ತೀವಿ.